ಚಂಚಿಯಲ್ಲಿದ್ದ ಚಾರ್‌ಮಿನಾರ್: ತುರ್ವಿಹಾಳದಿಂದ ಮೂರು ದಿನದ ಹೈದರಾಬಾದ್

ನಮ್ಮ ತುರ್ವಿಹಾಳದ ಕಡೆ ಮುಂಗಾರಿನ ನೆಲ್ಲು ಕಟಾವಾಗಿ, ಮಾರಾಟವಾಗಿ, ಸಾಲ ಕಳೆದು ಕೈಯಲ್ಲಿ ನಾಲ್ಕು ಕಾಸು ಉಳಿದರೆ ಚಹಾದಂಗಡಿ ಮುಂದೆ ಒಂದು ಮಾತು ಬಂದೇ ಬರುತ್ತದೆ: "ಎಲ್ಲಿಗರ ಒಂದ್ ಮೂರ್ ದಿನ ಹೋಗಿ ಬರೋಣಪಾ." ಅಲ್ಲಿಂದ ವಾದ ಶುರು. ಹುಡುಗರು ಬೆಂಗಳೂರು ಅನ್ನುತ್ತಾರೆ. ಹೆಣ್ಣುಮಕ್ಕಳಿಗೆ ಮೈಸೂರೂ ಸೇರಬೇಕು. ಕ್ಯಾಂಪಿನ ಗೆಳೆಯರು ಹೈದರಾಬಾದ್ ಬಿಟ್ಟು ಬೇರೆ ಹೆಸರೇ ಎತ್ತುವುದಿಲ್ಲ, ಅವರಿಗೆ ಅಲ್ಲಿ ಭಾಷೆ ಇದೆ, ನೆಂಟರಿದ್ದಾರೆ. ನಾನು ಪೇಪರಿನವ ಅನ್ನುವ ಒಂದೇ ಕಾರಣಕ್ಕೆ ಪ್ರತಿ ಸಲ ಯೋಜನೆ ಬರೆಯುವ ಕೆಲಸ ನನ್ನ ತಲೆಗೆ ಬೀಳುತ್ತದೆ. ಎಲ್ಲಿ ಇಳಿಯುವುದು, ಏನು ನೋಡುವುದು, ಯಾವ ವಾರ ಯಾವುದು ಬಂದ್ ಇರುತ್ತದೆ, ಎಲ್ಲ ನಾನೇ ಹೇಳಬೇಕು.

ಈ ಸಲ ಹೈದರಾಬಾದ್ ಎಂದು ತೀರ್ಮಾನವಾಯಿತು. ಪಟ್ಟಿ ಬರೆಯಲು ಕೂತಾಗ ಅನ್ನಿಸಿದ್ದೇನೆಂದರೆ, ನಾವು ಹೈದರಾಬಾದನ್ನು ಜೈಪುರವನ್ನೋ ಆಗ್ರಾವನ್ನೋ ನೋಡಲು ಹೋಗುವವರ ಹಾಗೆ ಹೋಗುತ್ತಿದ್ದೇವೆ. ಆದರೆ 1956ರ ನವೆಂಬರ್ 1ರ ತನಕ ಅದು ನಮ್ಮ ರಾಜಧಾನಿ. ನಮ್ಮ ಮುತ್ತಜ್ಜಂದಿರ ಜಮೀನಿನ ಜಗಳ ಕೊನೆಗೆ ತೀರ್ಮಾನವಾಗುತ್ತಿದ್ದದ್ದು ಅಲ್ಲಿ. ನಮ್ಮ ಕಾಲುವೆಯ ನಕ್ಷೆ ಮಂಜೂರಾದದ್ದು ಅಲ್ಲಿ. ನಮ್ಮನ್ನು ಹೆದರಿಸಿದ ಆಳ್ವಿಕೆ ಕೂತಿದ್ದದ್ದೂ ಅಲ್ಲೇ. ಇದು ಗೊತ್ತಿದ್ದು ಹೋಗುವುದಕ್ಕೂ ಗೊತ್ತಿಲ್ಲದೆ ಹೋಗುವುದಕ್ಕೂ ಬಸ್ ಚಾರ್ಜಿನಲ್ಲಿ ವ್ಯತ್ಯಾಸವಿಲ್ಲ. ನೋಡುವ ಜಾಗಗಳ ಪಟ್ಟಿಯಲ್ಲಿ ಮಾತ್ರ ಬಹಳ ವ್ಯತ್ಯಾಸವಾಗುತ್ತದೆ. ಹಾಗಾಗಿ ಇದು ಪ್ರವಾಸದ ಯೋಜನೆಯೂ ಹೌದು, ಸ್ವಲ್ಪ ಇತಿಹಾಸವೂ ಹೌದು.

ಮೊದಲು ದುಡ್ಡಿನಿಂದ ಶುರು ಮಾಡೋಣ. ನಿಜಾಮರ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಹೆಸರು ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ಆರು ರೂಪಾಯಿಗೆ ಏಳು ಹಾಲಿ ರೂಪಾಯಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ, 20ನೇ ಶತಮಾನದ ಆರಂಭದಿಂದ, ಆ ನಾಣ್ಯದ ಮೇಲೆ ಚಾರ್‌ಮಿನಾರ್ ಅಚ್ಚಾಗತೊಡಗಿತು. ಮುಂದೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಬಂದ ನೋಟುಗಳ ಮೇಲೆ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಬೆಲೆ ಬರೆದಿರುತ್ತಿತ್ತು. ಜೀವನಪೂರ್ತಿ ಸಿಂಧನೂರು ದಾಟದ ರೈತನ ಚಂಚಿಯಲ್ಲೂ ಎಲೆ ಅಡಿಕೆ ಸುಣ್ಣದ ಡಬ್ಬಿ ಜೊತೆ ಒಂದೆರಡು ಚಾರ್‌ಮಿನಾರ್ ಇರುತ್ತಿದ್ದವು. ಕಂದಾಯ ಕಟ್ಟುವಾಗ ಚಾರ್‌ಮಿನಾರನ್ನೇ ಎಣಿಸಿ ಕೊಡುತ್ತಿದ್ದ. (ನಮ್ಮ ತಂದೆಯ ತಲೆಮಾರಿನವರಿಗೆ ಚಾರ್‌ಮಿನಾರ್ ಅಂದರೆ ಸಿಗರೇಟು. ಅದೂ ಹೈದರಾಬಾದಿನದೇ.)

ಹಾಗಾದರೆ ಜನ ಅಲ್ಲಿಗೆ ಹೋಗುತ್ತಿದ್ದದ್ದು ಹೇಗೆ? ತುರ್ವಿಹಾಳ ಎರಡು ರೈಲು ದಾರಿಗಳ ನಡುವೆ ಸಿಕ್ಕ ಊರು. ದಕ್ಷಿಣಕ್ಕೆ ಕೊಪ್ಪಳ, ಹೊಸಪೇಟೆ ಕಡೆಯ ಹಳಿ, ಪೂರ್ವಕ್ಕೆ ರಾಯಚೂರು. ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಸ್ವಾರಸ್ಯವೆಂದರೆ, ಆ ಹೊತ್ತಿಗೆ ಸಂಸ್ಥಾನದ ರಾಜಧಾನಿಗೇ ರೈಲು ಇರಲಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ ಹಳಿ ಮುಗಿದದ್ದು 1874ರಲ್ಲಿ. ರಾಜಧಾನಿಗಿಂತ ಮೂರು ವರ್ಷ ಮೊದಲೇ ನಮ್ಮ ಜಿಲ್ಲೆ ಹೊಗೆಬಂಡಿ ಕಂಡಿತ್ತು.

ಸಿಂಧನೂರಿನಿಂದ ಮಾನ್ವಿ ಮೇಲೆ ರಾಯಚೂರಿಗೆ 90 ಕಿಲೋಮೀಟರ್ ಹತ್ತಿರ. ಎತ್ತಿನ ಬಂಡಿಯಲ್ಲಿ ಅದು ದಿನಗಟ್ಟಲೆ ದಾರಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಕೆಡುವಂಥದ್ದು ಕಟ್ಟುವಂತಿಲ್ಲ. ರಾಯಚೂರಿನಲ್ಲಿ ರೈಲು ಹತ್ತಿದರೆ ಅದು ಮೊದಲು ಕೃಷ್ಣೆ ದಾಟಿ ಉತ್ತರಕ್ಕೆ ಯಾದಗಿರಿ, ವಾಡಿಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ಹೊರಳಿ ಸೇಡಂ, ತಾಂಡೂರು, ವಿಕಾರಾಬಾದ್ ಮೇಲೆ ಹೈದರಾಬಾದ್ ಸೇರುತ್ತದೆ. ಕೊರಳು ಸುತ್ತಿ ಮೂಗು ಹಿಡಿದ ಹಾಗೆ. ಇವತ್ತೂ ಬಹುಪಾಲು ರೈಲುಗಳದ್ದು ಇದೇ ದಾರಿ.

ರಸ್ತೆ ಬಂದದ್ದು ತಡವಾಗಿ. 1932ರ ಜೂನ್‌ನಲ್ಲಿ ನಿಜಾಮ ಸರಕಾರದ ರೈಲ್ವೆ ಇಲಾಖೆಯೇ 27 ಬಸ್ಸು, 166 ನೌಕರರನ್ನಿಟ್ಟುಕೊಂಡು ಬಸ್ ಸಂಚಾರ ಶುರು ಮಾಡಿತು. ಮುಂದೆ ಆಂಧ್ರಪ್ರದೇಶದ ಆರ್‌ಟಿಸಿ ಬೆಳೆದದ್ದು ಆ ಬೀಜದಿಂದ. ಆದರೆ ರಾಯಚೂರಿನಿಂದ ಬಸ್ಸು ನೇರ ಹೋಗಲು ಕೃಷ್ಣೆ ಅಡ್ಡ. ದೇವಸೂಗೂರಿನ ಬಳಿ 1933ರಲ್ಲಿ ಶುರುವಾದ ಸೇತುವೆ 1943ರಲ್ಲಿ ಮುಗಿಯಿತು. 35 ಕಮಾನಿನ ಆ ಕಲ್ಲಿನ ಸೇತುವೆಗೆ ಸಿರಾತ್-ಎ-ಜೂಡಿ ಎಂದು ಹೆಸರು. ನಮ್ಮ ಜನಕ್ಕೆ ಅದು ಬರೀ 'ಕೃಷ್ಣಾ ಬ್ರಿಡ್ಜ್'. ಮೂರು ದಿನದ ಪ್ರವಾಸದಲ್ಲಿ ಮೊದಲು ನೋಡಬೇಕಾದ ಚಾರಿತ್ರಿಕ ಕಟ್ಟಡ ಇದೇ. ಎಲ್ಲರೂ ಮೊಬೈಲ್ ನೋಡುತ್ತಾ ದಾಟಿಬಿಡುತ್ತಾರೆ.

ಹೋಗುತ್ತಿದ್ದದ್ದು ಯಾಕೆ ಅನ್ನುವುದು ಇನ್ನೂ ಮುಖ್ಯ. 'ನೋಡಲಿಕ್ಕೆ' ಅಂತ ಯಾರೂ ಹೋಗುತ್ತಿರಲಿಲ್ಲ. ಕೋರ್ಟಿಗೆ ಹೋಗುತ್ತಿದ್ದರು, ದವಾಖಾನೆಗೆ ಹೋಗುತ್ತಿದ್ದರು, ಮಗನನ್ನು ಓದಿಗೆ ಬಿಡಲು ಹೋಗುತ್ತಿದ್ದರು. ವಾಯಿದೆ ಮುಂದಕ್ಕೆ ಹೋಗಿ ಒಂದು ದಿನ ಖಾಲಿ ಸಿಕ್ಕರೆ ಚಾರ್‌ಮಿನಾರ್, ಮಕ್ಕಾ ಮಸೀದಿ, ಹುಸೇನ್ ಸಾಗರ. ಊರಿಗೆ ವಾಪಸ್ ಬಂದ ಮೇಲೆ ಕೇಸು ಏನಾಯಿತೆಂದು ಕೇಳುವವರಿಗಿಂತ ಚಾರ್‌ಮಿನಾರ್ ಎಷ್ಟು ಎತ್ತರ ಐತಿ ಎಂದು ಕೇಳುವವರೇ ಹೆಚ್ಚು. ನಮ್ಮ ಕಡೆ ಪ್ರವಾಸ ಅನ್ನುವುದು ಹುಟ್ಟಿದ್ದು ಕೆಲಸದ ನಡುವೆ ಮಿಕ್ಕ ಆ ಒಂದು ದಿನದಲ್ಲಿ. ಇವತ್ತಿಗೂ ರಾಯಚೂರು ಜಿಲ್ಲೆಯಲ್ಲಿ ಕಾಯಿಲೆ ದೊಡ್ಡದು ಅನ್ನಿಸಿದರೆ ಬಂಡಿ ತಿರುಗುವುದು ಹೈದರಾಬಾದಿಗೇ. ಎಷ್ಟೋ ಮಂದಿ ಚಾರ್‌ಮಿನಾರ್ ನೋಡಿದ್ದು ಆಸ್ಪತ್ರೆಯಲ್ಲಿ ಒಳಗೆ ರೋಗಿಯನ್ನು ಮಲಗಿಸಿ, ರಿಪೋರ್ಟಿಗೆ ಕಾಯುವ ಮಧ್ಯಾಹ್ನದಲ್ಲಿ.

ಇದಕ್ಕೂ ಹಿಂದೆ ಹೋದರೆ ಇನ್ನೊಂದು ಕತೆ. ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ನೆಲ, ಎಡೆದೊರೆ ನಾಡು, ಯಾವಾಗಲೂ ಯಾರದೋ ಲೆಕ್ಕ ಚುಕ್ತಾ ಮಾಡಲು ಒದಗಿದ ನೆಲ. ಸೈನ್ಯದ ಖರ್ಚಿನ ಬಾಕಿಗಾಗಿ 1853ರಲ್ಲಿ ನಿಜಾಮರು ಬೇರಾರ್, ಧಾರಾಶಿವದ ಜೊತೆಗೆ ರಾಯಚೂರು ದೋಆಬನ್ನೂ ಇಂಗ್ಲಿಷರಿಗೆ ವಹಿಸಿದರು. 1857ರ ದಂಗೆಯಲ್ಲಿ ನಿಜಾಮರು ಇಂಗ್ಲಿಷರ ಕಡೆ ನಿಂತಿದ್ದರು. 1860ರಲ್ಲಿ ದೋಆಬು ಅವರ ಕೈಗೆ ಮರಳಿತು. ಏಳು ವರ್ಷ ನಾವು ಒತ್ತೆಯ ವಸ್ತು. ಆಮೇಲೆ ದಿವಾನ ಮೊದಲನೆಯ ಸಾಲಾರ್ ಜಂಗ್ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದಾಗ ಲಿಂಗಸುಗೂರು ಒಂದು ಜಿಲ್ಲಾ ಕೇಂದ್ರವಾಯಿತು, ಸಿಂಧನೂರು ಅದರ ಒಂದು ತಾಲ್ಲೂಕು. 1905ರಲ್ಲಿ ಆ ಜಿಲ್ಲೆ ರದ್ದಾಗಿ ನಾವು ರಾಯಚೂರಿಗೆ ಸೇರಿದೆವು. ಲಿಂಗಸುಗೂರು ಜಿಲ್ಲೆ ಆಗಬೇಕೆಂದು ಈಗ ಮನವಿ ಕೊಡುವವರಿಗೆ ಅದು ಹೊಸ ಬೇಡಿಕೆ ಅಲ್ಲ, ಹಳೆಯ ಬಾಕಿ ಎಂದು ನಾನು ಆಗಾಗ ನೆನಪಿಸುವುದುಂಟು.

ಆ ಆಳ್ವಿಕೆಯ ಲೆಕ್ಕಪತ್ರ ಉರ್ದುವಿನಲ್ಲಿ, ವರ್ಷದ ಲೆಕ್ಕ ಫಸಲಿಯಲ್ಲಿ. ಹಳೆಯ ಜಮೀನಿನ ಕಾಗದ ತೆಗೆದರೆ ಈಗಲೂ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಹುಡುಕಬೇಕು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಪಹಣಿ ಜಗಳದವರಿಗೆ ಇದು ಬಾಯಿಪಾಠ. ತಹಸೀಲು, ಜಿಲ್ಲಾ, ದಫ್ತರ, ವಕೀಲ, ದವಾಖಾನೆ ಇವೆಲ್ಲ ನಮ್ಮ ಮನೆಮಾತಿನೊಳಗೆ ಎಷ್ಟು ಬೆರೆತಿವೆ ಅಂದರೆ ಬೇರೆ ಮಾಡಲು ಹೋದರೆ ಮಾತೇ ನಿಲ್ಲುತ್ತದೆ.

ನಮ್ಮ ಮಗ್ಗುಲಿನ ಮಸ್ಕಿಯನ್ನೇ ತೆಗೆದುಕೊಳ್ಳಿ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಬಂಡೆಯ ಮೇಲಿನ ಬರಹ ಕಂಡ. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇತ್ತು. ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದು ಮಸ್ಕಿಯಲ್ಲಿ. ಆ ಶಾಸನವನ್ನು ಓದಿ ವಿವರಿಸಿದವರು ಕನ್ನಡಿಗರಾದ ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಆಗಷ್ಟೇ ಹುಟ್ಟಿದ್ದ ನಿಜಾಮರ ಪುರಾತತ್ವ ಇಲಾಖೆ ತನ್ನ ಪ್ರಕಟಣೆ ಮಾಲೆಯ ಮೊದಲನೆಯ ಸಂಚಿಕೆಯಾಗಿ ಹೊರತಂದದ್ದು ಇದನ್ನೇ. ಅಂದರೆ ಹೈದರಾಬಾದಿನ ಪುರಾತತ್ವದ ಪುಸ್ತಕಗಳ ಲೆಕ್ಕ ಮಸ್ಕಿಯಿಂದ ಆರಂಭವಾಗುತ್ತದೆ. ಹಟ್ಟಿಯ ಗಣಿಗೂ ಹಾಗೆಯೇ: 1947ರಲ್ಲಿ ಮತ್ತೆ ತೆರೆದಾಗ ಅದರ ಹೆಸರು ಹೈದರಾಬಾದ್ ಗೋಲ್ಡ್ ಮೈನ್ಸ್.

ಕಾಲುವೆಯ ಮಾತು ಬಿಡುವಂತಿಲ್ಲ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಎರಡು ಕಡೆ ಅಡಿಗಲ್ಲು ಬಿತ್ತು. ಮದರಾಸಿನ ದಂಡೆಯಲ್ಲಿ ಗವರ್ನರ್ ಆರ್ಥರ್ ಹೋಪ್, ನಮ್ಮ ದಂಡೆಯಲ್ಲಿ ನಿಜಾಮರ ಮಗ, ಬೇರಾರಿನ ಯುವರಾಜ. ಅಲ್ಲಿ ಎಂಜಿನಿಯರ್ ತಿರುಮಲೈ ಅಯ್ಯಂಗಾರ್, ಇಲ್ಲಿ ಖ್ವಾಜಾ ಅಜೀಮುದ್ದೀನ್. 1953ರಲ್ಲಿ ನೀರು ಹರಿಯಿತು. 227 ಕಿಲೋಮೀಟರಿನ ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಜೋಳದ ಹೊಲವನ್ನು ಗದ್ದೆ ಮಾಡಿತು, ಕರಾವಳಿ ಆಂಧ್ರದ ರೈತರನ್ನು ತಂದು ಕ್ಯಾಂಪುಗಳನ್ನು ಕಟ್ಟಿಸಿತು. ಈ ಪ್ರವಾಸಕ್ಕೆ ದುಡ್ಡು ಹುಟ್ಟಿದ್ದೂ ಆ ನೀರಿನಿಂದಲೇ.

ಇಷ್ಟು ಓದಿ ನಿಜಾಮರನ್ನು ಹೊಗಳುತ್ತಿದ್ದಾನೆ ಎಂದು ತಿಳಿಯಬೇಡಿ. ಅದೇ ಊರಿನ ಹೆಸರು ಕೇಳಿದರೆ ನಡುಗುವ ಕಾಲವೂ ಇತ್ತು. 1947ರ ಆಗಸ್ಟ್ 15ಕ್ಕೆ ತುಂಗಭದ್ರೆಯ ಆಚೆ ಬಾವುಟ ಹಾರಿತು, ಈಚೆ ಹಾರಿಸಿದವರು ಜೈಲಿಗೆ ಹೋದರು. ರಜಾಕಾರರ ಹಾವಳಿಗೆ ಊರುಗಳು ಖಾಲಿಯಾದವು, ಜನ ಹೊಳೆ ದಾಟಿ, ಗಡಿ ದಾಟಿ ಓಡಿದರು. ಗಡಿಯಾಚೆ ಶಿಬಿರಗಳು ಎದ್ದವು; ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಶರಣಾಯಿತು. ಪ್ರತಿ ವರ್ಷ ಆ ದಿನದ ಭಾಷಣಗಳಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ. ಅದರ ಬೆನ್ನಿಗೇ ಕಲಬುರಗಿ, ಬೀದರ್ ಸೇರಿ ಹಲವು ಜಿಲ್ಲೆಗಳಲ್ಲಿ ಏನೂ ತಪ್ಪು ಮಾಡದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಕೊಲೆಯಾದರು. ನೆಹರೂ ಕಳಿಸಿದ ಸುಂದರ್‌ಲಾಲ್ ಸಮಿತಿ ಅದನ್ನು ಬರೆದಿಟ್ಟಿತು, ಆ ವರದಿ ದಶಕಗಟ್ಟಲೆ ಬೀರುವಿನಲ್ಲೇ ಇತ್ತು. ಎರಡನ್ನೂ ಹೇಳದ ಗೈಡು ಅರ್ಧ ಊರನ್ನೇ ತೋರಿಸಿದ ಹಾಗೆ.

ಆಮೇಲೆ ಎಂಟು ವರ್ಷ. 1952ರ ಮೊದಲ ಚುನಾವಣೆಯಲ್ಲಿ ಆರಿಸಿಬಂದ ನಮ್ಮ ಜಿಲ್ಲೆಯ ಶಾಸಕರು ಕೂತದ್ದು ಹೈದರಾಬಾದಿನ ಪಬ್ಲಿಕ್ ಗಾರ್ಡನ್ ಪಕ್ಕದ ಬಿಳಿಯ ಟೌನ್ ಹಾಲಿನಲ್ಲಿ. ಬೂರ್ಗುಲ ರಾಮಕೃಷ್ಣರಾವ್ ನಮಗೂ ಮುಖ್ಯಮಂತ್ರಿ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳಾದಾಗ ರಾಯಚೂರು, ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ರಾಯಚೂರು ಜಿಲ್ಲೆಯದೇ ಆಗಿದ್ದ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಶಾಸಕರು ಹೊಸದಾಗಿ ಕಟ್ಟಿದ್ದ ವಿಧಾನಸೌಧಕ್ಕೆ, ಕೇಸುಗಳು ಅಠಾರಾ ಕಚೇರಿಗೆ. ಭಾಷೆ ಒಂದಾಯಿತು, ದಾರಿ ಉದ್ದವಾಯಿತು. ಸಿಂಧನೂರಿನಿಂದ ಬೆಂಗಳೂರು 400 ಕಿಲೋಮೀಟರ್ ಹತ್ತಿರ. ಹೈದರಾಬಾದ್ ಅದಕ್ಕಿಂತ ನೂರು ಕಡಿಮೆ. ಹೈಕೋರ್ಟಿನ ಒಂದು ಪೀಠ ಕಲಬುರಗಿಗೆ ಬರಲು 2008 ಆಗಬೇಕಾಯಿತು, 371(ಜೆ) ಬರಲು ಇನ್ನೂ ಐದು ವರ್ಷ.

ಬೆಂಗಳೂರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಸೀಮೆಯ ಮಳೆಯಾಶ್ರಿತ ಹಳ್ಳಿಗಳಿಗೆ ಅದು ಪ್ರವಾಸದ ಊರಲ್ಲ, ಗುಳೆಯ ಊರು. ಕಾಲುವೆ ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ಗದ್ದೆಯವರೂ ಆ ಸಾಲಿಗೆ ಸೇರುತ್ತಾರೆ. ವರ್ಷದಲ್ಲಿ ಆರು ತಿಂಗಳು ಅಲ್ಲಿ ಮಾಳಿಗೆ ಮೇಲೆ ಮಾಳಿಗೆ ಏರಿಸಿ ಬಂದವರಿಗೆ ಲಾಲ್‌ಬಾಗ್ ಯಾವ ದಿಕ್ಕಿಗಿದೆ ಎಂದು ಗೊತ್ತಿರುವುದಿಲ್ಲ. ಅಂಥವರೊಬ್ಬರು ನಮ್ಮ ಪಟ್ಟಿಯಲ್ಲೂ ಇದ್ದಾರೆ. ಬೆಂಗಳೂರು ಬೇಡ ಎಂದು ಮೊದಲು ಹೇಳಿದವರೂ ಅವರೇ. "ಅಲ್ಲಿ ಏನ್ ನೋಡದು, ನಾನಾ ಕಟ್ಟೇನಿ" ಅಂದರು. ವಾದ ಅಲ್ಲಿಗೆ ಮುಗಿಯಿತು.

ಇನ್ನು ಯೋಜನೆ. ನಿಜಾಮರ ಕಾಲದಲ್ಲಿ ವಾರದ ರಜೆ ಶುಕ್ರವಾರ. ರಾಜ್ಯ ಹೋದರೂ ಆ ರಜೆ ಹಳೆಯ ಊರಲ್ಲಿ ಉಳಿದಿದೆ: ಸಾಲಾರ್ ಜಂಗ್ ಮ್ಯೂಸಿಯಂ, ಚೌಮಹಲ್ಲಾ ಅರಮನೆ ಎರಡೂ ಶುಕ್ರವಾರ ಬಾಗಿಲು ಹಾಕುತ್ತವೆ. ಮಧ್ಯಾಹ್ನದ ನಮಾಜಿಗೆ ಮಕ್ಕಾ ಮಸೀದಿಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಶುಕ್ರವಾರ ಹೋಗಿ ಬೀಗ ನೋಡಿ ಬಂದವರು ನಮ್ಮೂರಲ್ಲಿ ಒಬ್ಬಿಬ್ಬರಲ್ಲ. ಆದ್ದರಿಂದ ಬುಧವಾರ ರಾತ್ರಿ ಬಿಟ್ಟು ಗುರುವಾರ ಬೆಳಗ್ಗೆ ಇಳಿಯುವುದು.

ಬಸ್ಸು ನಿಲ್ಲುವ ಮಹಾತ್ಮಾ ಗಾಂಧಿ ನಿಲ್ದಾಣ ಮೂಸಿ ಹೊಳೆಯ ನಡುಗಡ್ಡೆಯ ಮೇಲಿದೆ, ಹಳೆಯ ಹೆಸರು ಇಮ್ಲಿಬನ್, ಅಂದರೆ ಹುಣಸೆತೋಪು. ಇಲ್ಲಿ ಮುಖ ತೊಳೆದು ಒಂದು ನಿಮಿಷ ಹೊಳೆ ನೋಡಬೇಕು. ನೋಡಿದರೆ ಚರಂಡಿಯ ಹಾಗಿದೆ, ಸುಳ್ಳು ಹೇಳುವುದಿಲ್ಲ. 1908ರ ಸೆಪ್ಟೆಂಬರ್ 28ರಂದು ಇದೇ ಹೊಳೆ ಉಕ್ಕಿ ಸುಮಾರು 15 ಸಾವಿರ ಜನ ಸತ್ತರೆಂದು ಅಂದಾಜು. ಆಗಿನ ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಒಂದು ಹುಣಸೆಮರ ಹತ್ತಿ 150 ಜನ ಜೀವ ಉಳಿಸಿಕೊಂಡರು. ಈಗ ಅಲ್ಲಿ ಉಸ್ಮಾನಿಯಾ ಆಸ್ಪತ್ರೆ ಇದೆ, ಆ ಮರವೂ ಇದೆ. ನಮ್ಮ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ಹೋದವರು ಅದರ ನೆರಳಲ್ಲಿ ಬುತ್ತಿ ಬಿಚ್ಚಿರಬಹುದು. ಪ್ರವಾಹದ ಮರುವರ್ಷ ನಿಜಾಮರು ಕರೆಸಿದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಗಡೆ ನೀರು ತಡೆಯಬೇಕೆಂಬ ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಮೈಸೂರಿನ ದಿವಾನಗಿರಿ ಅವರಿಗೆ ಸಿಕ್ಕಿದ್ದು ಹೈದರಾಬಾದಿನ ಕೆಲಸದ ನಂತರ, 1912ರಲ್ಲಿ.

ಹೊಳೆಯ ದಂಡೆಯಲ್ಲಿ ಕೆಂಪು ಕಲ್ಲು, ಗುಮ್ಮಟಗಳ ಹೈಕೋರ್ಟು ಕಾಣುತ್ತದೆ. 1920ರಿಂದ ಅಲ್ಲೇ ಇದೆ. ಒಳಗೆ ಬಿಡುವುದಿಲ್ಲ, ಹೊರಗೆ ನಿಂತು ನೋಡಿ ಸಾಕು. 1956ರ ತನಕ ಸಿಂಧನೂರಿನ ಮೇಲ್ಮನವಿಗಳು ಬಂದು ಕಾದು ಕೂತ ಜಾಗ ಅದು. ಅಲ್ಲಿಂದ ನಡೆದರೆ ಸಾಲಾರ್ ಜಂಗ್ ಮ್ಯೂಸಿಯಂ. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲಿ ನೆಹರೂ ಉದ್ಘಾಟಿಸಿದರು, ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ. ಮುಸುಕು ಹೊದ್ದ ರೆಬೆಕಾ ಮೂರ್ತಿಯನ್ನು 1876ರಲ್ಲಿ ರೋಮಿನಿಂದ ಕೊಂಡು ತಂದದ್ದು ಅದೇ ಮೊದಲನೆಯ ಸಾಲಾರ್ ಜಂಗ್, ನಮಗೆ ಲಿಂಗಸುಗೂರು ಜಿಲ್ಲೆ ಮಾಡಿಕೊಟ್ಟ ದಿವಾನ. ಕಲ್ಲಿನಲ್ಲಿ ತೆಳು ಬಟ್ಟೆ ಹೇಗೆ ಕೆತ್ತಿದರೆಂದು ಎಲ್ಲರೂ ಬಾಯಿ ತೆರೆಯುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಗಡಿಯಾರದ ಮುಂದೆ ಕೂತಿರಬೇಕು: ಒಳಗಿನಿಂದ ಬೊಂಬೆ ಬಂದು ಹನ್ನೆರಡು ಸಲ ಗಂಟೆ ಹೊಡೆದು ಹೋಗುತ್ತದೆ. ಹನ್ನೆರಡು ನೋಡಿದವರಿಗೆ ಹೊಡೆತ ಹೆಚ್ಚು ಸಿಗುತ್ತದೆ ಅನ್ನುವುದಷ್ಟೇ ಲೆಕ್ಕ.

ಮಧ್ಯಾಹ್ನದ ಮೇಲೆ ಚಾರ್‌ಮಿನಾರ್. 1591ರಲ್ಲಿ ಮೊಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ್ದು. ಊರೂ ಅದೂ ಒಟ್ಟಿಗೇ ಹುಟ್ಟಿದವು. ಪಕ್ಕದಲ್ಲೇ ಮಕ್ಕಾ ಮಸೀದಿ, ನಾಲ್ಕು ಹೆಜ್ಜೆ ಆಚೆ 2005ರಿಂದ ಜನರಿಗೆ ತೆರೆದಿರುವ ಚೌಮಹಲ್ಲಾ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಮಂಡಾಳ ಒಗ್ಗರಣೆ, ಮಿರ್ಚಿಗೆ ಒಗ್ಗಿದ ನಾಲಗೆಗೆ ಆ ಚಹಾ ಪಾಯಸದ ಹಾಗೆ, ಒಂದು ಕಪ್ಪಿಗೆ ಇಬ್ಬರು ಸಾಕು. ಬಳೆ ಬಜಾರಿಗೆ ಹೆಣ್ಣುಮಕ್ಕಳಿಗೆ ಎರಡು ತಾಸು ಅಂತ ಬರೆದಿದ್ದೇನೆ, ಮೂರಾಗುತ್ತದೆ.

ಶುಕ್ರವಾರ ಬೆಳಗ್ಗೆ ಗೋಲ್ಕೊಂಡ. ಕೋಟೆಯ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಮೇಲೆ ಕೇಳುವ ಚಮತ್ಕಾರ ಎಲ್ಲರಿಗೂ ಗೊತ್ತು. ನಮಗೆ ಬೇಕಾದ ಕತೆ ಇಬ್ರಾಹಿಂ ಕುಲಿಯದು. ಅಣ್ಣನ ಭಯಕ್ಕೆ ಓಡಿದ ಈ ರಾಜಕುಮಾರ ಸುಮಾರು ಏಳು ವರ್ಷ ಆಶ್ರಯ ಪಡೆದಿದ್ದು ವಿಜಯನಗರದ ಅಳಿಯ ರಾಮರಾಯನಲ್ಲಿ. ಮುಂದೆ ಗೋಲ್ಕೊಂಡದ ಸುಲ್ತಾನನಾಗಿ 1565ರ ರಕ್ಕಸತಂಗಡಿ ಯುದ್ಧದಲ್ಲಿ ಅದೇ ರಾಮರಾಯನ ಎದುರು ನಿಂತ. ಹುಸೇನ್ ಸಾಗರ ಕಟ್ಟಿಸಿದ್ದು ಅವನ ಕಾಲದಲ್ಲೇ. ಹಂಪಿ ನೋಡಿದವರು ಗೋಲ್ಕೊಂಡ ನೋಡಿದರೆ ಒಂದೇ ಜಗಳದ ಎರಡೂ ಮನೆ ನೋಡಿದಂತಾಯಿತು.

ಅಂದೇ ಮಧ್ಯಾಹ್ನ ತಾರ್ನಾಕಾ ಕಡೆ. ಯಾವ ಪ್ಯಾಕೇಜಿನವರೂ ಇಲ್ಲಿಗೆ ಕರೆದೊಯ್ಯುವುದಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದು 1918ರಲ್ಲಿ, ಉರ್ದು ಮಾಧ್ಯಮದಲ್ಲಿ. ಈಗಿನ ಆರ್ಟ್ಸ್ ಕಾಲೇಜಿನ ಕಲ್ಲಿನ ಕಟ್ಟಡ 1939ರದು. ನಮ್ಮ ಕಡೆಯ ಹುಡುಗ ಪದವಿ ಬೇಕೆಂದರೆ ಉರ್ದು ಕಲಿತು ಇಲ್ಲಿಗೆ ಬರಬೇಕಿತ್ತು. ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಓದಿದ್ದು ಇಲ್ಲಿಯೇ. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಇಲ್ಲಿನ ವಿದ್ಯಾರ್ಥಿಗಳನ್ನು ಹೊರಹಾಕಿದರು, ಎಷ್ಟೋ ಮಂದಿ ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಪಿ.ವಿ. ನರಸಿಂಹರಾವ್ ಆ ಗುಂಪಿನವರು. ಹತ್ತಿರದಲ್ಲೇ ರಾಜ್ಯ ಪತ್ರಾಗಾರವಿದೆ. ನಿಜಾಮರ ಕಾಲದ ಕಡತಗಳು ಅಲ್ಲಿವೆ. ಮಕ್ಕಳಿಗೆ ಬೇಸರವಾಗುತ್ತದೆ, ಅವರನ್ನು ಕ್ಯಾಂಪಸ್ಸಿನ ಮರಗಳ ಕೆಳಗೆ ಬಿಟ್ಟು ಹಿರಿಯರೊಬ್ಬರು ಒಳಗೆ ಹೋಗಿ ವಿಚಾರಿಸಬಹುದು.

ಶನಿವಾರಕ್ಕೆ ಪಬ್ಲಿಕ್ ಗಾರ್ಡನ್: ನಮ್ಮ ಶಾಸಕರು ಕೂತ ಕಟ್ಟಡ ಹೊರಗಿನಿಂದ, ಪಕ್ಕದ ರಾಜ್ಯ ಮ್ಯೂಸಿಯಂ ಒಳಗಿನಿಂದ. ಆಮೇಲೆ ಕಾಚಿಗುಡಾ. 1916ರ ರೈಲು ನಿಲ್ದಾಣದ ಕಟ್ಟಡ ನೋಡುವಂಥದ್ದು. ಅದೇ ಪೇಟೆಯಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆ. ರಾಜ್ಯ ಬೇರೆಯಾದ ಮೇಲೂ ಅಲ್ಲಿ ಉಳಿದ ಕನ್ನಡಿಗರು ನಡೆಸಿಕೊಂಡು ಬಂದ ಸಂಸ್ಥೆಗಳು. ಕನ್ನಡ ಬೋರ್ಡು ಕಂಡರೆ ನಮ್ಮವರು ಫೋಟೋ ಹೊಡೆಸಿಕೊಳ್ಳುವುದು ಖಂಡಿತ. ಸಂಜೆ ಹುಸೇನ್ ಸಾಗರದ ಬುದ್ಧ: 350 ಟನ್ನಿನ ಒಂದೇ ಕಲ್ಲು. 1990ರಲ್ಲಿ ಸಾಗಿಸುವಾಗ ಹತ್ತು ಜನರ ಜೀವ ತೆಗೆದುಕೊಂಡು ಕೆರೆಯಲ್ಲಿ ಮುಳುಗಿತ್ತು, ಎರಡು ವರ್ಷದ ನಂತರ ಎತ್ತಿ ನಿಲ್ಲಿಸಿದರು. ಫಿಲಂ ಸಿಟಿಗೆ ಇಡೀ ಒಂದು ದಿನ ಬೇಕು, ಅದನ್ನು ನಾನು ಕೈಬಿಟ್ಟಿದ್ದೇನೆ. ಹುಡುಗರ ಮುಖ ಸಣ್ಣದಾಗಿದೆ.

ರೈಲಿನಲ್ಲಿ ಯಾಕೆ ಹೋಗಬಾರದು ಎಂದು ಕೇಳುವವರಿಗೆ: ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರು, ರಾಯಚೂರು ಮೇಲೆ ಮಹಬೂಬ್‌ನಗರಕ್ಕೆ ಹಳಿ ಹಾಕುವ ಯೋಜನೆ ಮಂಜೂರಾದದ್ದು 1997ರ ಸುಮಾರಿಗೆ. ಅತ್ತ ರಾಯಚೂರು–ಗದ್ವಾಲ್ ಹಳಿ 2013ರಲ್ಲಿ ತೆರೆಯಿತು. 1956ರಲ್ಲಿ ಜಿಲ್ಲೆಯಿಂದ ಬೇರೆಯಾದ ಗದ್ವಾಲ್ ಹಳಿಯ ಮೇಲೆ ಮತ್ತೆ ಹತ್ತಿರ ಬಂತು. ಇತ್ತಲಿಂದ 2024ರಲ್ಲಿ ಸಿಂಧನೂರಿಗೆ ಮೊದಲ ರೈಲು ಬಂದಾಗ ಜನ ತೆಂಗಿನಕಾಯಿ ಹಿಡಿದು ನಿಂತಿದ್ದರು. ಹೈದರಾಬಾದ್ ಕಡೆಗೆಂದು ಹಾಕಿದ ಆ ಹಳಿಯ ಮೇಲೆ ಈಗ ರೈಲು ಹೋಗುವುದು ಹುಬ್ಬಳ್ಳಿಗೆ, ಬೆಂಗಳೂರಿಗೆ. ಸಿಂಧನೂರಿನಿಂದ ರಾಯಚೂರಿನ ತುಂಡು ಆಗಬೇಕು. ಅಲ್ಲಿಯವರೆಗೆ ಬುಧವಾರ ರಾತ್ರಿ ಊಟ ಮುಗಿಸಿ ಎಂಟಕ್ಕೆ ತುರ್ವಿಹಾಳ ಬಸ್ ನಿಲ್ದಾಣ. ರೊಟ್ಟಿ ಎಲ್ಲರೂ ಕಟ್ಟಿಕೊಳ್ಳಿ, ಶೇಂಗಾ ಚಟ್ನಿ ನಮ್ಮ ಮನೆಯಿಂದ.